ಅ ಆ ಇ ಈ ಪೂರಾ ಬರದಿದ್ರೂ ಓದಬಹುದು ಸ್ವಾಮಿ!

ಮೊನ್ನೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಮಗಳ ಜೊತೆ ನಿಂತಿದ್ದೆ. ಐದು ವರ್ಷದ ಹುಡುಗಿ. ಎದುರಿಗೆ ನಿಂತ ಬಸ್ಸಿನ ಬೋರ್ಡು ನೋಡಿ, "ಮಾಮಾ, ದ ಅದ, ರ ಅದ. ಮೊದಲಿಂದು ಏನದು?" ಅಂದಳು. "ಬೀ" ಅಂದೆ. "ಬೀದರ!" ಅಂತ ಕುಣಿದಾಡಿಬಿಟ್ಟಳು.

ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಸಮಾಧಾನವಿಲ್ಲ. "ವರ್ಣಮಾಲಿ ಪೂರಾ ಬರ್ತದೇನು?" "ಇಲ್ರಿ ಕಾಕಾ." "ಮತ್ತ ಓದಿಸೂ ಅವಸರ ಯಾಕ? ಮೊದ್ಲು ಬುನಾದಿ ಗಟ್ಟಿ ಆಗ್ಬೇಕು."

ಬುನಾದಿ ಅಂತೆ ಬುನಾದಿ! ಅ ದಿಂದ ಅಃ ವರೆಗೆ ಬಾಯಿಪಾಠ, ಆಮೇಲೆ ಕ ಖ ಗ ಘ ಙ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ.... ಅಷ್ಟರಲ್ಲಿ ಮಗುವಿಗೆ ಪುಸ್ತಕ ಕಂಡರೇ ಬೇಸರ. ಸ್ವಲ್ಪ ಯೋಚಿಸಿ. ಇ, ಈ, ಉ, ಊ ಬಿಡಿಯಾಗಿ ಬರುವುದು ಹೆಚ್ಚುಕಡಿಮೆ ಪದದ ಮೊದಲಲ್ಲಿ ಮಾತ್ರ. ಉಳಿದ ಕಡೆ ಅವು ಇನ್ನೊಂದು ಅಕ್ಷರಕ್ಕೆ ಅಂಟಿಕೊಂಡ ಗುಣಿತ. ಇನ್ನು ಙ, ಞ ನೀವು ಕೊನೆಯ ಸಲ ಬರೆದದ್ದು ಯಾವಾಗ? :)

ನಮ್ಮ ಸರಕಾರಿ ಶಾಲೆಗಳಿಗೆ ಇದು ಎಂದೋ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ಬರೀ ಐದು! ಅಷ್ಟರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ. ಮೊದಲ ವಾರದಲ್ಲೇ ಮಗು 'ಓದುತ್ತದೆ'. ಐವಾನ್-ಎ-ಶಾಹಿಯ ನಮ್ಮ ಮನೆಯಲ್ಲಿ ನಾವು ಮಾಡಿದ್ದೂ ಇಷ್ಟೇ, ಸೀಮೆಸುಣ್ಣ ಮತ್ತು ಅಡುಗೆಮನೆ ಬಾಗಿಲು. ವರ್ಣಮಾಲೆ ಬೇಡ ಅಂತಲ್ಲ. ಕಂಠ, ತಾಲು, ತುಟಿ ಅಂತ ಉಚ್ಚಾರದ ಜಾಗ ಹಿಡಿದು ಜೋಡಿಸಿದ ಆ ಕ್ರಮ ಬಲು ಚೆಂದ, ನಿಘಂಟು ನೋಡಲು ಬೇಕೇಬೇಕು. ಆದರೆ ಐದು ವರ್ಷದವಳು ನಿಘಂಟು ಎಲ್ಲಿ ತೆಗೆಯುತ್ತಾಳೆ?

ಇದಕ್ಕಿಂತ ಸಿಟ್ಟು ಬರುವುದು ಅವಳ ಇಂಗ್ಲಿಷ್ ಶಾಲೆಯ ಮಾತಿಗೆ (ಹೆಸರು ಬೇಡ ಬಿಡಿ). "ಮನಿಯಾಗ ಕನ್ನಡ ಓದಿಸ್ಬ್ಯಾಡ್ರಿ, ಮಿಕ್ಸ್ ಆಗ್ತದ." ಕಲಬುರಗಿಯಲ್ಲಿ ನಿಂತು ಹೇಳುವ ಮಾತೇ ಇದು? ಇಲ್ಲಿ ಅಂಗಡಿ ಬೋರ್ಡುಗಳೇ ಮೂರು ಲಿಪಿಯಲ್ಲಿರುತ್ತವೆ. ನಿಜಾಮರ ಕಾಲದಲ್ಲಿ ನಮ್ಮಜ್ಜ ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ಅವರವ್ವನ ಹತ್ತಿರ ಕನ್ನಡ ಓದಿದವರು. ಎರಡೂ ಕೊನೆತನಕ ನೆಟ್ಟಗಿದ್ದವು.

ನಿನ್ನೆ ಇನ್ನೊಂದು ಬಸ್ಸು, ಕಮಲಾಪುರದ್ದು. ಕ, ಮ ಸಲೀಸಾಗಿ ಬಂತು. ಆಮೇಲೆ ತಡವರಿಸಿ, "ಮಾಮಾ, ಲ ಕ್ಕ ಬಾಲ ಯಾಕ ಬಂದದ?" ಅಂದಳು. ಇವತ್ತು ಸಂಜೆ ಅಡುಗೆಮನೆ ಬಾಗಿಲಲ್ಲಿ ಅದೇ ಪಾಠ.