ಗಾಡಿ ಹತ್ತಿಸುವ ಮೊದಲು ಆ ಸೂಜಿ ಆಗಲಿ



ಬೆಳಗಾವಿಯಿಂದ ಬೇರೆಯಾಗಿ ಚಿಕ್ಕೋಡಿ ಜಿಲ್ಲೆಯಾದರೆ ನಮ್ಮ ಕಡೆಯ ಬಸುರಿಯರಿಗೆ ದೊಡ್ಡ ಆಸ್ಪತ್ರೆ ಸಿಗುತ್ತದೆ ಎನ್ನುವವರಿದ್ದಾರೆ. ಜಿಲ್ಲೆ ಆಗಲಿ, ಬೇಡ ಅನ್ನುವವಳಲ್ಲ ನಾನು. ಆದರೆ ಬಿ.ಪಿ. ಏರಿ ಫಿಟ್ಸ್ ಬಂದ ಬಸುರಿಗೆ ಮೊದಲು ಬೇಕಾದದ್ದು ಕಟ್ಟಡವಲ್ಲ, ಹತ್ತು ಸಣ್ಣ ಆಂಪೂಲು ಮೆಗ್ನೀಷಿಯಂ ಸಲ್ಫೇಟ್. ಅದರ ಮಾತನ್ನು ಯಾವ ಮುಖಂಡರೂ ಎತ್ತುವುದಿಲ್ಲ.

ಇದೇನು ಹೊಸ ಔಷಧವಲ್ಲ. ಫಿಟ್ಸ್‌ಗೆ ಕೊಡುವ ಡಯಾಜೆಪಾಮ್, ಫೆನಿಟೋಯಿನ್‌ಗಿಂತ ಇದೇ ಮೇಲು ಎಂದು 1995ರಲ್ಲೇ ಹಲವು ದೇಶಗಳ ಅಧ್ಯಯನ ತೋರಿಸಿತು. ಫಿಟ್ಸ್ ಬರುವ ಮೊದಲೇ ಕೊಟ್ಟರೆ ಅದರ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2002ರಲ್ಲಿ ಹತ್ತು ಸಾವಿರ ಹೆಣ್ಣುಮಕ್ಕಳ ಮೇಲಿನ ಇನ್ನೊಂದು ಅಧ್ಯಯನ ಹೇಳಿತು. ಎರಡೂ ಪಿರ್ರೆಗಳಿಗೆ ಐದೈದು ಗ್ರಾಂನಂತೆ ಆಳವಾಗಿ ಚುಚ್ಚಿ ಮೊದಲ ಡೋಸ್ ಕೊಟ್ಟು ಮುಂದೆ ಕಳಿಸಲು ಉಪಕೇಂದ್ರದ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳಿಗೂ ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯಲ್ಲೇ ಅನುಮತಿಯಿದೆ.

ಆದರೂ ಸೂಜಿಯ ಬದಲು ಮುಂದೆ ಕಳಿಸುವ ಚೀಟಿ ಕೈಗೆ ಬರುವುದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಕಾರಣ ಅಂಜಿಕೆ. ಉಸಿರು ನಿಂತರೆ ಯಾರ ತಲೆಗೆ ಬರುತ್ತದೆ? ಔಷಧ ಹೆಚ್ಚಾದರೆ ಮೊದಲು ಮೊಣಕಾಲಿನ ಜರ್ಕ್ ಹೋಗುತ್ತದೆ, ಉಸಿರಿಗೆ ತೊಂದರೆ ಬರುವುದು ಆಮೇಲೆ. ಕಾಲು, ಉಸಿರು, ಮೂತ್ರ ನೋಡುತ್ತಿದ್ದರೆ ಮುನ್ಸೂಚನೆ ಸಿಗುತ್ತದೆ. ಮಾರುಮದ್ದಾಗಿ ಕ್ಯಾಲ್ಸಿಯಂ ಗ್ಲುಕೊನೇಟ್ ಇದೆ. ಒಂದು ಡೋಸ್‌ಗೆ ಹೆದರಿ ಸುಮ್ಮನೆ ಕಳಿಸಿದರೆ ಗಾಡಿಯಲ್ಲಿ ಮತ್ತೆ ಮತ್ತೆ ಬರುವ ಫಿಟ್ಸ್ ಏನು ಮಾಡುತ್ತದೆಂದು ಯೋಚಿಸಬೇಡವೇ?

ತೆಲಸಂಗದಿಂದ ಬೆಳಗಾವಿಗೆ ಮೂರು ತಾಸಿಗೆ ಕಡಿಮೆಯಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದರೆ ಇನ್ನೂ ಹೆಚ್ಚು. ವಿಜಯಪುರ ಹತ್ತಿರ, ಆದರೆ ಅದು ಬೇರೆ ಜಿಲ್ಲೆ. ರೋಗಿಯನ್ನು ಕಳಿಸುವ ದಾರಿಯನ್ನು ಜಿಲ್ಲೆಯ ಗಡಿ ಏಕೆ ತೀರ್ಮಾನಿಸಬೇಕು?

ಇನ್ನೊಂದು ಮಾತನ್ನು ಹೆಣ್ಣುಮಕ್ಕಳೇ ಹೇಳಬೇಕು. ಬಿ.ಪಿ. ಏರಿಸಿ ಫಿಟ್ಸ್ ತರುವ ಈ ಬಸುರಿ ನಂಜು ಹೆಚ್ಚಾಗಿ ಕಾಡುವುದು ಚೊಚ್ಚಲ ಬಸುರಿಯರನ್ನು, ಅದೂ ಕೊನೆಯ ತಿಂಗಳುಗಳಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಕುಬಸ (ಸೀಮಂತ) ಮಾಡಿ ತವರಿಗೆ ಕಳಿಸುತ್ತೇವೆ. ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಆಕೆ ಹೋದದ್ದು ಗೊತ್ತು, ತವರೂರಿನ ಆಶಾಗೆ ಬಂದದ್ದು ಗೊತ್ತಿಲ್ಲ. ಬಿ.ಪಿ. 140/90 ದಾಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾಯುವುದು ಇವೆಲ್ಲ ಬಸುರಿಗೆ ಸಹಜವೆಂದು ಸುಮ್ಮನಾಗುತ್ತೇವೆ. ಕಡೆಗೆ ಫಿಟ್ಸ್ ಬಂದಾಗ ಉಳ್ಳಾಗಡ್ಡಿ ಮೂಸಿಸಿ, ಕೈಯಲ್ಲಿ ಕಬ್ಬಿಣ ಹಿಡಿಸುತ್ತೇವೆ! ಕಬ್ಬು ಕಡಿಯಲು ಗುಂಪಿನೊಂದಿಗೆ ಊರೂರು ತಿರುಗುವ ಬಸುರಿಯನ್ನಂತೂ ಯಾವ ಊರಿನ ಆಶಾ ತನ್ನವಳೆಂದು ಬರೆದುಕೊಳ್ಳಬೇಕು?

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೇ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಸೇರಿ ನಡೆಸಿದ ‘ಕ್ಲಿಪ್’ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಸುರಿಯರ ಮನೆಗೇ ಹೋಗಿ ಬಿ.ಪಿ. ಅಳೆದರು. ಅಗತ್ಯವಿದ್ದವರಿಗೆ ಬಿ.ಪಿ. ಮಾತ್ರೆ, ಮೆಗ್ನೀಷಿಯಂ ಕೊಟ್ಟು ಆಸ್ಪತ್ರೆಗೆ ಕಳಿಸುವುದು ಯೋಜನೆ. ಒಟ್ಟಾರೆ ಸಾವುನೋವು ಇಳಿಯಲಿಲ್ಲವೆಂದು 2020ರಲ್ಲಿ ಫಲಿತಾಂಶ ಬಂತು. ಇದನ್ನೇ ಹಿಡಿದು ‘ಉಪಯೋಗವಿಲ್ಲ’ ಎನ್ನುವವರಿಗೆ ನನ್ನ ಉತ್ತರ: ಹೆಚ್ಚು ಸಲ ಭೇಟಿಯಾದ ಬಸುರಿಯರಲ್ಲಿ ಫಲ ಕಂಡಿದೆ. ಕುಬಸದ ನಂತರ ಕೈತಪ್ಪುವುದು ಆ ಭೇಟಿಗಳೇ.

ತಾಲ್ಲೂಕು ಆರೋಗ್ಯಾಧಿಕಾರಿಗಳಲ್ಲಿ ಕೇಳುವುದಿಷ್ಟೇ. ಹೆರಿಗೆ ನಡೆಯುವ ಪ್ರತಿ ಕೇಂದ್ರದಲ್ಲಿ ಹತ್ತು ಆಂಪೂಲು, ಜೊತೆಗೆ ಮಾರುಮದ್ದು ಇದೆಯೇ, ಅವಧಿ ಮುಗಿದಿಲ್ಲವೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿ. ಮುಂದೆ ಕಳಿಸುವ ಚೀಟಿಯಲ್ಲಿ ಸೂಜಿ ಕೊಟ್ಟ ವೇಳೆ ಬರೆಯಲು ಜಾಗವಿಡಿ. ಮಾರ್ಗಸೂಚಿಯಂತೆ ಮೊದಲ ಡೋಸ್ ಕೊಟ್ಟ ನರ್ಸ್‌ಗೆ ಬೆಂಬಲವಾಗಿ ನಿಲ್ಲಿ.

ಓದುಗರೂ ನೆನಪಿಡಿ: ಫಿಟ್ಸ್ ಬಂದರೆ ಬಾಯಿಗೆ ಏನೂ ಹಾಕಬೇಡಿ, ಎಡಮಗ್ಗುಲಿಗೆ ಮಲಗಿಸಿ. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು. ‘ಮುಂದೆ ಒಯ್ಯಿರಿ’ ಎಂದಾಗ, ‘ಮೆಗ್ನೀಷಿಯಂ ಸೂಜಿ ಆಯ್ತೇನ್ರಿ?’ ಎಂದು ಕೇಳಿಯೇ ಗಾಡಿ ಹತ್ತಿರಿ.

– ನಿವೃತ್ತ ಆರೋಗ್ಯ ಸಹಾಯಕಿ, ತೆಲಸಂಗ (ಅಥಣಿ ತಾ.)