ನಂದಿಯ ಕಾಲುದಾರಿ ಕೊರಕಲಾಗದಿರಲಿ

ನಂದಿ ಬೆಟ್ಟದ ಡಾಂಬರು ರಸ್ತೆ ಬೆಂಗಳೂರಿನ ಸೈಕಲ್ ಸವಾರರಿಗೆ ಬಾಯಿಪಾಠ. ನಸುಕಿಗೆ ಮುಂಚೆ ಮನೆ ಬಿಟ್ಟು, ತಿರುವು ತಿರುವು ಹತ್ತಿ, 1,478 ಮೀಟರ್ ಎತ್ತರದ ನೆತ್ತಿ ಮುಟ್ಟಿ ಬಂದರೆ ಅವರಿಗೆ ಆ ಭಾನುವಾರ ಸಾರ್ಥಕ. ಇವರಲ್ಲೇ ಒಂದು ಗುಂಪು ಬೆಟ್ಟದ ಬುಡದಲ್ಲೇ ಡಾಂಬರು ಬಿಟ್ಟು ಮಣ್ಣಿಗೆ ಇಳಿಯುತ್ತದೆ. ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕ್ ಹಿಡಿದು ನಂದಿ ಗ್ರಾಮ, ಸುಲ್ತಾನ್‌ಪೇಟೆ, ಕಳವಾರ, ಆವತಿ ಸುತ್ತಿನ ಕಾಲುದಾರಿ, ಬಂಡಿಜಾಡು, ನೀಲಗಿರಿ ತೋಪುಗಳಲ್ಲಿ ಓಡಾಡುವವರು ಇವರು. ಹೊಗೆಯಿಲ್ಲ, ಗದ್ದಲವಿಲ್ಲ, ಪೆಟ್ರೋಲ್ ಖರ್ಚಿಲ್ಲ. ಬೆಟ್ಟವನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಕಾರಿನಲ್ಲಿ ಬಂದವರಿಗೆ ಸಿಗುವುದಿಲ್ಲ.

ಈ ಮನವಿ ಮೊದಲು ಅವರಿಗೆ. ಜೊತೆಗೆ, ಆ ದಾರಿಗಳನ್ನು ತಲೆಮಾರುಗಳಿಂದ ಸವೆಸಿದ ಊರಿನವರಿಗೆ, ಗ್ರಾಮ ಪಂಚಾಯಿತಿಗೆ, ಅರಣ್ಯ ಇಲಾಖೆಗೆ. ಬೆಟ್ಟದ ಮೈಮೇಲೆ ಹೊಸ ದಾರಿ ಕಡಿಯುವುದು ನಿಲ್ಲಲಿ. ಇರುವ ದಾರಿಗಳಲ್ಲಿ ಯಾವುದರಲ್ಲಿ ಸೈಕಲ್ ಓಡಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಎಲ್ಲರೂ ಒಟ್ಟಿಗೆ ಕೂತು ಗೊತ್ತುಮಾಡಿಕೊಳ್ಳಲಿ. ಬೇಡಿಕೆ ಇಷ್ಟೇ.

ಈ ನೆಲ ಯಾರೋ ಆಟಕ್ಕೆಂದು ಖಾಲಿ ಬಿಟ್ಟ ನೆಲವಲ್ಲ. ಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯದ ಇತಿಹಾಸ 9ನೇ ಶತಮಾನದ ಆರಂಭದ ಶಾಸನಗಳವರೆಗೆ ಹಿಂದಕ್ಕೆ ಹೋಗುತ್ತದೆ. ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಇಲ್ಲಿ ಕಲ್ಲು ಕೂರಿಸಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ, ಅದರಾಚೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥದ ಕಲ್ಯಾಣಿ. ಮೇಲೆ ಬೆಟ್ಟದಲ್ಲಿ ಯೋಗನಂದೀಶ್ವರ, ಸುತ್ತ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಬಲಗೊಂಡ ಕೋಟೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಆ ಕೋಟೆಯನ್ನು ಹಿಡಿಯಿತು. ಇತ್ತ ಆವತಿ ಈಗ ಹೆದ್ದಾರಿ ಪಕ್ಕದ ಒಂದು ಊರಾಗಿ ಕಂಡರೂ, ಯಲಹಂಕ ನಾಡಪ್ರಭುಗಳ ವಂಶದ ಬೇರು ಇರುವುದು ಅಲ್ಲೇ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಪಾಳೆಯಗಾರರೂ ಆವತಿಯ ಕವಲುಗಳೇ. ದೇವನಹಳ್ಳಿಯಲ್ಲಿ 1501ರಲ್ಲಿ ಕೋಟೆ ಕಟ್ಟಿಸಿದ ಮಲ್ಲಬೈರೇಗೌಡ ಈ ಮನೆತನದವನು. ಊರಿಂದ ಊರಿಗೆ, ಊರಿಂದ ಬೆಟ್ಟಕ್ಕೆ ಜನ ನಡೆದು ಬಿದ್ದ ದಾರಿಗಳೇ ಇಂದು ಸವಾರರ ಫೋನಿನಲ್ಲಿ ಬಣ್ಣದ ಗೆರೆಗಳಾಗಿ ಕಾಣುತ್ತಿವೆ.

ಆ ಗೆರೆಗಳ ಮಣ್ಣು ಎಂಥದ್ದು ಎಂದು ಬಗ್ಗಿ ನೋಡಬೇಕು. ಕೆಳಗೆ ಬಂಡೆ, ಅದರ ಮೇಲೆ ಬಂಡೆಯೇ ಪುಡಿಯಾಗಿ ಆದ ಗರಸು, ಅದರ ಮೇಲೆ ತೆಳುವಾದ ಕೆಮ್ಮಣ್ಣು. ಬೇಸಿಗೆಯಲ್ಲಿ ಮೇಲ್ಪದರ ಹಿಟ್ಟಿನ ಹಾಗೆ ಸಡಿಲ. ಇಳಿಜಾರಿನಲ್ಲಿ ಹೆದರಿದ ಸವಾರ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತಾನೆ. ಚಕ್ರ ತಿರುಗುವುದು ನಿಂತು ಜಾರುತ್ತದೆ, ಎರಡು ಬೆರಳಗಲದ ಒಂದು ಗೀರು ಬೀಳುತ್ತದೆ. ಹಿಂದೆ ಬಂದವರೂ ಅದೇ ಜಾಗದಲ್ಲಿ ಜಾರಿಸುತ್ತಾರೆ. ಮೊದಲ ಜೋರು ಮಳೆಗೆ ನೀರು ಆ ಗೀರನ್ನೇ ಹಿಡಿದು ಇಳಿಯುತ್ತದೆ, ಗರಸನ್ನು ಕೊಚ್ಚಿ ಬೇರುಗಳನ್ನು ಬಯಲು ಮಾಡುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಮೊಣಕಾಲಾಳದ ಕೊರಕಲು. ಕೊರಕಲಿನಲ್ಲಿ ಸೈಕಲ್ ಹೋಗದು ಎಂದು ಸವಾರರು ಪಕ್ಕದ ಪೊದೆ ಸವರಿ ಇನ್ನೊಂದು ದಾರಿ ಮಾಡಿಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಅದರದ್ದೂ ಅದೇ ಕಥೆ.

ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಗುತ್ತದೆ? ಅರ್ಕಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ದೊಡ್ಡಬಳ್ಳಾಪುರದ ಕಡೆಗೆ ಹರಿದು, ಹೆಸರಘಟ್ಟದ ಕೆರೆ ತುಂಬಿ, ತಿಪ್ಪಗೊಂಡನಹಳ್ಳಿಗೆ ಸೇರುವ ನದಿ ಅದು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಹೆಸರಘಟ್ಟದಿಂದ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ನದಿಗಳ ತಲೆನೀರೂ ಇದೇ ಸುತ್ತಿನದು. ಬೆಟ್ಟದಿಂದ ಜಾರಿದ ಮಣ್ಣು ಕೆಳಗಿನ ಕೆರೆಗಳಲ್ಲಿ ಹೂಳಾಗುತ್ತದೆ. 2021ರ ಆಗಸ್ಟ್‌ನಲ್ಲಿ ರಾತ್ರಿ ಸುರಿದ ಮಳೆಗೆ ಗುಡ್ಡ ಕುಸಿದು ನಂದಿಗೆ ಹೋಗುವ ರಸ್ತೆಯೇ ಕೊಚ್ಚಿಹೋಗಿ, ಪ್ರವಾಸಿಗರಿಗೆ ಬೆಟ್ಟ ಮುಚ್ಚಬೇಕಾಯಿತು. ಅದು ಸೈಕಲ್ಲಿನವರು ಮಾಡಿದ್ದಲ್ಲ. ಆದರೆ ಈ ಇಳಿಜಾರುಗಳಲ್ಲಿ ನೀರಿಗೆ ತಪ್ಪುದಾರಿ ತೋರಿಸಿದರೆ ಏನಾಗಬಹುದು ಎಂಬುದನ್ನು ಆ ರಾತ್ರಿ ಎಲ್ಲರಿಗೂ ತೋರಿಸಿದೆ.

ಇಲ್ಲಿ ಸೈಕಲ್ಲಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅಮೆರಿಕದ ಮೊಂಟಾನಾದ ಬೆಟ್ಟದಾರಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಡೆಯುವವರು, ಕುದುರೆ, ಮೋಟಾರು ಬೈಕು, ಸೈಕಲ್ ನಾಲ್ಕನ್ನೂ ಹೋಲಿಸಿತು. ಹೆಚ್ಚು ಮಣ್ಣು ಸಡಿಲಿಸಿದ್ದು ಕುದುರೆಯ ಗೊರಸು. ಸೈಕಲ್ ಚಕ್ರ ಮನುಷ್ಯರ ಕಾಲಿಗಿಂತ ಹೆಚ್ಚಿನ ಹಾನಿಯನ್ನೇನೂ ಮಾಡಿರಲಿಲ್ಲ. ಹಾಗಾಗಿ ಸೈಕಲ್ ಕಂಡರೇ ಗೇಟು ಹಾಕುವುದು ನ್ಯಾಯವಲ್ಲ. ದಾರಿಯ ಇಳಿಜಾರು ಎಷ್ಟು, ನೀರು ಎತ್ತ ಹೋಗುತ್ತದೆ, ಸವಾರ ಬ್ರೇಕ್ ಹೇಗೆ ಹಿಡಿಯುತ್ತಾನೆ, ನೆಲ ಒದ್ದೆಯೋ ಒಣಗಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಇದಕ್ಕೆ ಸರಳ ಲೆಕ್ಕ ಕೊಟ್ಟಿದೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಸರಾಸರಿ ಏರು ಶೇ 10ರ ಒಳಗಿರಬೇಕು, ದಾರಿ ಕಣಿವೆಯ ಕಡೆಗೆ ಸ್ವಲ್ಪ ವಾಲಿರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ಹಾಯ್ದು ಹೋಗುತ್ತದೆ. ನೆತ್ತಿಯಿಂದ ಬುಡಕ್ಕೆ ನೇರ ಇಳಿಯುವ ದಾರಿಗೆ ಈ ಮೂರರಲ್ಲಿ ಒಂದೂ ಹೊಂದುವುದಿಲ್ಲ. ಸವಾರರಿಗೆ ಹೆಚ್ಚು ಇಷ್ಟವಾಗುವುದೂ, ಬೇಗ ಕೆಡುವುದೂ ಅಂಥ ದಾರಿಯೇ.

ಹಾಗಾಗಿ ಸವಾರರೇ, ಮಳೆ ನಿಂತು ನೆಲ ಆರುವವರೆಗೆ ಮಣ್ಣಿನ ದಾರಿಗೆ ಇಳಿಯದಿರಿ. ಚಕ್ರದ ಗುರುತು ಆಳವಾಗಿ ಉಳಿಯುತ್ತಿದ್ದರೆ ಅಲ್ಲಿಂದಲೇ ತಿರುಗಿ. ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಹದವಾಗಿ ಹಿಡಿಯಲು ಬಾರದವರು ಸೈಕಲ್ ಇಳಿದು ನಡೆದರೆ ಅವಮಾನವೇನಿಲ್ಲ. ಊರಿನವರ, ಇಲಾಖೆಯ ಒಪ್ಪಿಗೆ ಇಲ್ಲದ ದಾರಿಯನ್ನು ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ಗೆ ಹಾಕಬೇಡಿ. ಒಬ್ಬರ ಗೆರೆ ನೋಡಿ ನೂರು ಜನ ಬರುತ್ತಾರೆ, ಬಂದವರಿಗೆ ಅಲ್ಲಿನ ಕಷ್ಟಸುಖ ಗೊತ್ತಿರುವುದಿಲ್ಲ.

ಕಷ್ಟಸುಖ ಎಂದರೆ ಏನು ಎನ್ನುವವರು ಬೆಳಗಿನ ಹೊತ್ತು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸ್ವಲ್ಪ ನಿಲ್ಲಬೇಕು. ಇದು ರೇಷ್ಮೆ ಸೀಮೆ, ಶಿಡ್ಲಘಟ್ಟದ ಗೂಡು ಮಾರುಕಟ್ಟೆ ದೂರವಿಲ್ಲ. ಹುಳುವಿಗೆ ಸೊಪ್ಪು ತಾಜಾ ಬೇಕು, ಬಿಸಿಲೇರಿದರೆ ಬಾಡುತ್ತದೆ. ಅದಕ್ಕೇ ತಂಪು ಹೊತ್ತಿನಲ್ಲೇ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೋ ಟಿವಿಎಸ್ ಎಕ್ಸೆಲ್ ಹಿಂದೆಯೋ ಹೇರಿಕೊಂಡು ಹುಳು ಮನೆಗೆ ಸಾಗಿಸುತ್ತಾರೆ. ಬೆಂಗಳೂರಿನ ಸವಾರರು ಬಂದು ಮುಟ್ಟುವುದೂ ಸರಿಯಾಗಿ ಅದೇ ಗಳಿಗೆಗೆ. ಕಣ್ಣು ಮುಚ್ಚುವಷ್ಟು ಸೊಪ್ಪಿನ ಹೊರೆ ಹೊತ್ತ ಹೆಂಗಸಿಗೆ ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಕಾಣುವುದು ಹೇಗೆ? ಬೆಲ್ ಬಾರಿಸಿ, ನಿಧಾನಿಸಿ, ಅಗತ್ಯ ಬಿದ್ದರೆ ಇಳಿದು, “ಅಮ್ಮಾ, ಸೈಕಲ್ ಬರ್ತಿದೆ” ಎಂದು ಕೂಗಿ ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ದೂಳು ಕೂತ ಸೊಪ್ಪು ಹುಳುವಿಗೆ ಆಗದು. ಜೀಪು, ಡರ್ಟ್ ಬೈಕುಗಳಲ್ಲಿ ಬಂದು ತೋಟದ ಪಕ್ಕ ದೂಳೆಬ್ಬಿಸುವವರು ಒಂದು ಮನೆಯ ಬೆಳೆಗೇ ಕಲ್ಲು ಹಾಕಬಹುದು. ಹಳ್ಳಿಯ ಸಿಟ್ಟು ಅವರ ಮೇಲೆ ಹುಟ್ಟಿದರೂ ಕೊನೆಗೆ ತಟ್ಟುವುದು ಸೈಕಲ್ಲಿನವರಿಗೂ. ದ್ರಾಕ್ಷಿ ತೋಟದ ಬೇಲಿ ಸರಿಸಿ ಅಡ್ಡದಾರಿ ಹಿಡಿಯುವುದು, ಕುರಿಮಂದೆಯ ನಡುವೆ ನುಗ್ಗುವುದು, ತಿಂದ ಚಾಕೊಲೇಟಿನ ಕವರು ಬದುವಿನಲ್ಲೇ ಬಿಡುವುದು ಇವೆಲ್ಲ ಕೂಡಿ ಒಂದು ದಿನ ದಾರಿಗೆ ಮುಳ್ಳು ಬೀಳುತ್ತದೆ. ಅದನ್ನು ಹಾಕಿದವರನ್ನು ದೂರುವಂತಿಲ್ಲ.

ಕತ್ತಲೆಯಲ್ಲಿ ಹೆಡ್‌ಲೈಟ್ ಹಾಕಿಕೊಂಡು ಕುರುಚಲು ಕಾಡಿಗೆ ಇಳಿಯುವ ಅಭ್ಯಾಸವೂ ನಿಲ್ಲಬೇಕು. ಈ ಗುಡ್ಡಗಳಲ್ಲಿ ಚಿರತೆ ಇದೆ, ಅದು ತಿರುಗಾಡುವ ಹೊತ್ತು ಅದೇ. ಬಂಡೆ ಸಂದುಗಳ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರ ಬದುಕುತ್ತದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದಕ್ಕೆ ಪೊದೆಯೇ ಮನೆ, ಸವಾರನಿಗೆ ಅದು ಅಡ್ಡ ಬಂದ ಮುಳ್ಳು. ಕತ್ತಿ ಹಿಡಿದು ದಾರಿ ಬಿಡಿಸುವ ಮುನ್ನ ಈ ಒಂದು ಹಕ್ಕಿಯನ್ನಾದರೂ ನೆನೆಯಬೇಕು.

ಬೇರೆ ನಾಡುಗಳಲ್ಲಿ ಈ ಜಗಳ ಹಳೆಯದು. ಮೌಂಟನ್ ಬೈಕಿನ ತವರೆನಿಸಿದ ಕ್ಯಾಲಿಫೋರ್ನಿಯಾದ ಮೆರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಹುಡುಗರು ಹಳೇ ಸೈಕಲ್ಲುಗಳಲ್ಲಿ ಟಮಲ್ಪೈಸ್ ಬೆಟ್ಟದ ಸುತ್ತ ಇಳಿಯುತ್ತಿದ್ದರು. ಮುಂದೆ ನಡಿಗೆಯವರಿಗೂ ಕುದುರೆಯವರಿಗೂ ಅವರಿಗೂ ತಿಕ್ಕಾಟ ಹತ್ತಿ, ಕಿರಿದಾದ ಕಾಲುದಾರಿಗಳಲ್ಲಿ ಹೆಚ್ಚಿನವು ಸೈಕಲ್ಲಿಗೆ ಮುಚ್ಚಿದವು. ತೆರೆದಿರುವ ಅಗಲ ದಾರಿಗಳಲ್ಲೂ ಗಂಟೆಗೆ 15 ಮೈಲಿಯ ಮಿತಿ ಬಂತು. ಕ್ರೀಡೆ ಹುಟ್ಟಿದ ಊರಲ್ಲೇ ಕ್ರೀಡೆಗೆ ಬಾಗಿಲು ಮುಚ್ಚಿದ್ದು ಮಾತುಕತೆ ತಡವಾದ್ದರಿಂದ. ಇಂಗ್ಲೆಂಡಿನ ಸರ್ರೆ ಗುಡ್ಡಗಳದ್ದು ಬೇರೆ ಅನುಭವ. ಅಲ್ಲಿನ ಹರ್ಟ್‌ವುಡ್ ಕಾಡಿನ ಒಡೆಯ ರೆಜಿನಾಲ್ಡ್ ಬ್ರೇ 1926ರಲ್ಲಿ ಸಾರ್ವಜನಿಕರಿಗೆ ಅಲ್ಲಿ ತಿರುಗಾಡುವ ಹಕ್ಕನ್ನು ಬರೆದುಕೊಟ್ಟರು. ಇಂದು ಆ ಕಾಡನ್ನು ನೋಡಿಕೊಳ್ಳುವುದು ಒಂದು ಧರ್ಮದತ್ತಿ ಸಂಸ್ಥೆ. ಅದೇ ಕಾಡಿನ ಹೋಂಬರಿ ಗುಡ್ಡದ ನೆತ್ತಿಯಲ್ಲಿ ಕಬ್ಬಿಣ ಯುಗದ ಕೋಟೆಯ ಕುರುಹು, ಕೆಳಗೆ ಪೀಸ್ಲೇಕ್ ಎಂಬ ಪುಟ್ಟ ಹಳ್ಳಿ. ಅಲ್ಲಿನ ಅಂಗಡಿಯ ಚೀಸ್ ಸ್ಟ್ರಾ ತಿನ್ನದೆ ಮರಳುವ ಸವಾರರು ಕಡಿಮೆ. ದಾರಿ ರಿಪೇರಿಗೆ ಸನಿಕೆ ಹಿಡಿದು ಬರುವವರಲ್ಲಿ ಸವಾರರೂ ಇದ್ದಾರೆ. ವಾಹನ ನಿಲ್ಲಿಸುವ ತಕರಾರು ಅಲ್ಲೂ ಇದೆ, ಆದರೆ ಅದನ್ನು ಯಾರೊಡನೆ ಮಾತಾಡಬೇಕು ಎಂಬುದು ಎಲ್ಲರಿಗೂ ಗೊತ್ತಿದೆ.

ನಂದಿಯಲ್ಲಿ ಕಾಣದಿರುವುದು ಅದೇ. ಸವಾರರು ಯಾರನ್ನು ಕೇಳಬೇಕು? ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ದಾರಿ ಎಲ್ಲಿ ಗೋಮಾಳ ದಾಟಿ ಅರಣ್ಯಕ್ಕೆ ಸೇರುತ್ತದೆ ಎಂಬುದು ಹೊಸದಾಗಿ ಬಂದವನಿಗೆ ಕಾಣುವುದೇ ಇಲ್ಲ. ಚಾರಣದ ವಿಷಯದಲ್ಲಿ ಸರ್ಕಾರ ಒಂದು ದಾರಿ ಕಂಡುಕೊಂಡಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ಆದ ಮೇಲೆ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಕಟ್ಟುಪಾಡು ಬಂತು. ನಂದಿಯ ಪಕ್ಕದ ಸ್ಕಂದಗಿರಿಗೂ ಟಿಕೆಟ್ ಇಲ್ಲದೆ ಹತ್ತುವಂತಿಲ್ಲ. ನಂದಿ ಸುತ್ತಿನ ಎರಡೋ ಮೂರೋ ದಾರಿಗಳನ್ನು ಇದೇ ರೀತಿ ಸೈಕಲ್ಲಿಗೆಂದು ಗುರುತಿಸಿ, ಚಿಕ್ಕ ಶುಲ್ಕ ಇಟ್ಟು, ಅದರಲ್ಲಿ ಒಂದು ಪಾಲನ್ನು ಪಂಚಾಯಿತಿಗೆ ಕೊಡುವುದು ಕಷ್ಟವೇ? ಬೆಟ್ಟಕ್ಕೆ ರೋಪ್‌ವೇ ತರಲು 2023ರಲ್ಲಿ ಶಂಕುಸ್ಥಾಪನೆ ಆಗಿದೆ. 2025ರ ಜುಲೈನಲ್ಲಿ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿತು. ಅಷ್ಟು ಗಮನ ಸಿಕ್ಕ ಬೆಟ್ಟದಲ್ಲಿ ಕೆಲವು ಕಲ್ಲಿನ ಕೈಮರ, ನೀರು ಹಾಯಲು ಅಲ್ಲಲ್ಲಿ ಅಡ್ಡಗಾಲುವೆ ಮಾಡುವುದು ದೊಡ್ಡ ಖರ್ಚಲ್ಲ. ದೇವಾಲಯದ ಬಳಿ ಹೊಸ ಶೆಡ್ಡು, ಪಾರ್ಕಿಂಗ್ ಕಟ್ಟಡ ಬೇಕಾಗಿಲ್ಲ. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಕಾನೂನು ಅದಕ್ಕೆ ಅವಕಾಶ ಕೊಡುವುದೂ ಇಲ್ಲ.

ಜನ ಒಟ್ಟಾದರೆ ಇಲಾಖೆ ಕೇಳುತ್ತದೆ ಎಂಬುದಕ್ಕೆ ಬೆಂಗಳೂರಿನ ತುರಹಳ್ಳಿಯೇ ಸಾಕ್ಷಿ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು, ವಾಯುವಿಹಾರಿಗಳು, ಹಕ್ಕಿ ನೋಡುವವರು, ಸೈಕಲ್ಲಿನವರು ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದರು. ಸರ್ಕಾರ ಯೋಜನೆ ಕೈಬಿಟ್ಟಿತು.

ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸೈಕಲ್ ಗುಂಪುಗಳು ಮುಂದಿನ ಸಭೆಗೆ ಮುಂಚೆ ನಂದಿ, ಆವತಿ ಕಡೆಯ ಪಂಚಾಯಿತಿ ಕಚೇರಿಗೆ ಹೋಗಿ ದಿನಾಂಕ ಕೇಳಿಕೊಳ್ಳಲಿ. ತಾವು ಓಡಾಡುವ ದಾರಿಗಳ ನಕ್ಷೆಯನ್ನು ಮುಚ್ಚಿಡದೆ ಸಭೆಯ ಮುಂದೆ ಬಿಡಿಸಿಡಲಿ. ಯಾವ ದಾರಿ ಬೇಡ ಎಂದು ಊರು ಹೇಳುತ್ತದೋ ಅದನ್ನು ಅಲ್ಲೇ ಅಳಿಸಲಿ. ಉಳಿದದ್ದನ್ನು ಅರ್ಜಿಯ ಜೊತೆ ಅರಣ್ಯ ಇಲಾಖೆಗೆ ಸಲ್ಲಿಸಿ, ವಲಯ ಅರಣ್ಯಾಧಿಕಾರಿಯನ್ನೂ ಊರಿನ ಹಿರಿಯರನ್ನೂ ಕರೆದುಕೊಂಡು ಒಮ್ಮೆ ಆ ದಾರಿಗಳನ್ನು ನಡೆದು ನೋಡಲಿ. ಈಗಾಗಲೇ ಕೊರಕಲಾದ ಕಡೆ ಕಲ್ಲು ಜೋಡಿಸಿ ನೀರು ತಿರುಗಿಸುವ ಕೆಲಸಕ್ಕೆ ಮುಂಗಾರಿಗೆ ಮುಂಚಿನ ಒಂದೆರಡು ಭಾನುವಾರ ಕೊಡಲಿ. ಅಂದು ಬುತ್ತಿ ತರುವ ಬದಲು ಊರಿನ ಹೋಟೆಲಿನಲ್ಲೇ ತಿಂಡಿಗೆ ಮೊದಲೇ ಹೇಳಿಡಲಿ.