ಹೊಳಲ್ಕೆರೆಗೆ ಕೇರಿ ಎಲ್ಲಿಂದ ಬಂತು ಸ್ವಾಮಿ?

ಮೊನ್ನೆ ಕಾರಿನಲ್ಲಿ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೊರಟಿದ್ದೆವು. ದಾರಿ ಹೇಳುವ ಮೊಬೈಲಿನ ದನಿ "ಹೋಲಾಲ್‌ಕೇರಿ" ಅಂತು. ಹಿಂದೆ ಕೂತಿದ್ದ ನಮ್ಮಜ್ಜಿ, "ಅದ್ಯಾವ ಕೇರಿಗೆ ಕರ್ಕಂಡ್ ಹೋಗ್ತಿದೀಯಪ್ಪಾ?" ಅಂದರು. ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ಇದು ನಗುವ ವಿಷಯವೇ ಅಲ್ಲ.

ಹೊಳಲ್ ಅಂದರೆ ಹಳಗನ್ನಡದ ಪೊೞಲ್, ಪಟ್ಟಣ. ಪಟ್ಟಣದ ಕೆರೆಯೇ ಹೊಳಲ್ಕೆರೆ. 'ಕೆ'ಗೆ ದೀರ್ಘ ಕೊಟ್ಟಿರೋ, ಕೆರೆ ಬತ್ತಿ ಕೇರಿಯಾಯ್ತು!

ಇಂಗ್ಲಿಷಿನ ಜೋಡುಪದದಲ್ಲಿ ಒಂದು ಕಡೆ ಭಾರ ಬೀಳಬೇಕು. ಬ್ಲ್ಯಾಕ್‌ಬೋರ್ಡ್ ಅನ್ನುವಾಗ 'ಬ್ಲ್ಯಾಕ್' ಮೇಲೆ ಭಾರ. ಡಚ್ಚರ ಮಾರುದ್ದದ ಜೋಡುಪದಗಳಲ್ಲೂ ಸಾಮಾನ್ಯವಾಗಿ ಮೊದಲ ಪದಕ್ಕೇ ಹೆಚ್ಚು ಭಾರ. ಅವರ ಭಾಷೆ, ಅವರ ನಾಲಿಗೆ, ತಪ್ಪೇನಿಲ್ಲ. ಆದರೆ ಕನ್ನಡದಲ್ಲಿ ಅರ್ಥ ಕಾಯುವುದು ಭಾರವಲ್ಲ, ಅಳತೆ.

ನಮ್ಮ ನಾಲ್ಕು ಊರುಗಳನ್ನೇ ತಗೊಳ್ಳಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಎಲ್ಲಕ್ಕೂ ನಾಲ್ಕೇ ಅಕ್ಷರ. ಈಗ ಮಾತ್ರೆ ಎಣಿಸಿ. ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನದಕ್ಕೂ 2. ಬರೆಯುವಾಗ ಚಿ-ತ್ರ, ನುಡಿಯುವಾಗ ಚಿತ್-ರ. ಹೀಗೆ ಚಿತ್-ರ-ದುರ್-ಗ 6 ಮಾತ್ರೆ, ಮಿಕ್ಕ ಮೂರೂ 5. ಆ ಮೂರರಲ್ಲಿ ಹಿರಿಯೂರು, ಹೊಸದುರ್ಗಕ್ಕೆ ಗುರು ಮೂರನೆಯದು, ಹೊ-ಳಲ್-ಕೆ-ರೆಗೆ ಎರಡನೆಯದು. ಛಂದಸ್ಸು ಓದದ ನಮ್ಮಜ್ಜಿಗೆ ಇದು ಕಿವಿಯಲ್ಲೇ ಗೊತ್ತು.

ಬ್ರಿಟಿಷರು ಚಿತ್ರದುರ್ಗವನ್ನು ಚಿತಲ್‌ಡ್ರೂಗ್ ಮಾಡಿದ್ದರು. ಹೋಗಲಿ ಬಿಡಿ. 2014ರ ನವೆಂಬರ್ 1ರಂದು ಹಾಸ್ಪೆಟ್ ಇಂಗ್ಲಿಷಿನಲ್ಲೂ ಹೊಸಪೇಟೆ ಆಯಿತು, ನುಂಗಿದ್ದ ಅಕಾರ ವಾಪಸು ಬಂತು. ಸಂತೋಷ. ಆದರೆ "ಹಾಸ್‌ದುರ್ಗ" ಅನ್ನೋ ಇಂಗ್ಲಿಷ್ ಬರವಣಿಗೆ ಇನ್ನೂ ಕಣ್ಣಿಗೆ ಬೀಳುತ್ತೆ. ಅದನ್ನು ತಿದ್ದಿದರೂ ಮುಗಿಯಲ್ಲ. ಇಂಗ್ಲಿಷಿನಲ್ಲಿ ಲ-ಳ ಎರಡಕ್ಕೂ ಒಂದೇ ಅಕ್ಷರ, ಕೆ-ಕೇ ಎರಡಕ್ಕೂ ಒಂದೇ ಕಾಗುಣಿತ. ಅದನ್ನು ನೋಡಿ ಓದಿದರೆ ಯಂತ್ರವಿರಲಿ, ಮನುಷ್ಯನೂ ಎಡವುತ್ತಾನೆ. ಕನ್ನಡದ ಊರ ಹೆಸರನ್ನು ಕನ್ನಡ ಲಿಪಿಯಿಂದಲೇ ಓದಿಸಿ, ಅಷ್ಟೇ ನಮ್ಮ ಬೇಡಿಕೆ.

"ಅರ್ಥ ಆದ್ರೆ ಸಾಕಲ್ಲ ಗುರೂ" ಅಂತೀರಾ? ಅಜ್ಜಿಗೆ ಅರ್ಥ ಆಗಲಿಲ್ಲವಲ್ಲ! ಹುಟ್ಟಿದೂರಿನ ಹೆಸರೇ ಅವರಿಗೆ ಪರಕೀಯವಾಗಿ ಕೇಳಿಸಿತು.

ಯಂತ್ರವನ್ನಷ್ಟೇ ಬೈದರೆ ಸಾಲದು. ನಮ್ಮ ಹುಡುಗರೇ ಈಗ "ಹಿರಿಯುರ್" ಅಂತಾರೆ. ಶಾಲೆಯಲ್ಲಿ ಗುರು-ಲಘು ಕಲಿಸೋದು ಬರೀ ಅಂಕಕ್ಕಾಗಿ. ಮೇಷ್ಟ್ರೇ, ಒಂದು ದಿನ ಬೋರ್ಡಿನ ಮೇಲೆ ಮಕ್ಕಳ ಊರ ಹೆಸರು ಬರೆದು ಪ್ರಸ್ತಾರ ಹಾಕಿಸಿ ನೋಡಿ. ಕೆರೆ ಉಳಿಸೋ ಕೆಲಸ ಬಾಯಿಂದಲೂ ಶುರುವಾಗಲಿ.

ಏನಂತೀರಿ?